ಕೋವಿಗೆ ಕೆಂಪು ಬೊಟ್ಟಿನ ಸೈಟು: ಕೊಳ್ಳುವ ಮೊದಲು ನಾಲ್ಕು ಮಾತು



ಗೊಬ್ಬರ, ಬಿತ್ತನೆ, ಬೋರ್ಡೋ ದ್ರಾವಣ ಇವುಗಳ ಮಾತು ಬರುತ್ತದೆಂದು ಕುಳಿತಿದ್ದರೆ ಇವತ್ತು ಸ್ವಲ್ಪ ಬೇರೆ ವಿಷಯ. ಕೋವಿಯ ಮಾತು. ಕೊಡಗಿನಲ್ಲಿ, ಮಲೆನಾಡಿನಲ್ಲಿ ಕತ್ತಿ, ಗುದ್ದಲಿಗಳ ಜೊತೆಗೆ ಕೋವಿಯೂ ಇರುವ ಮನೆಗಳು ಬೇಕಾದಷ್ಟಿವೆ. ಹಾಗಿದ್ದ ಮೇಲೆ ಅದರ ವಿಚಾರ ತಿಳಿದಿರುವುದು ಮನೆಯವರೆಲ್ಲರಿಗೂ ಒಳ್ಳೆಯದೇ ಅಲ್ಲವೆ?

ಸೋಮವಾರಪೇಟೆ ಕಡೆಯ ಹಿರಿಯ ಗೌಡರೊಬ್ಬರು ಮಳೆಗಾಲ ಮುಗಿಯುತ್ತ ಬಂದ ಹೊತ್ತಿನಲ್ಲಿ ನನ್ನ ಕಚೇರಿಗೆ ಬಂದರು. ಮೆಣಸಿನ ಬಳ್ಳಿಯ ಸೊರಗು ರೋಗದ ವಿಚಾರ ಮುಗಿದ ಮೇಲೂ ಎದ್ದು ಹೋಗಲಿಲ್ಲ. ಕೊನೆಗೆ, "ಸಾರ್, ನೀವು ಕಾಲೇಜಿನಲ್ಲಿ ಎನ್.ಸಿ.ಸಿ.ಯಲ್ಲಿ ರೈಫಲ್ ಹೊಡೆದವರಂತೆ. ಈ ಕೆಂಪು ಬೊಟ್ಟಿನ ಸೈಟು ಅಂತ ಬರ್ತದಲ್ಲ, ಕಡಿಮೆ ದುಡ್ಡಿನಲ್ಲಿ ಒಳ್ಳೇದು ಯಾವುದು ಹೇಳಿ. ನಾನು ತಂದದ್ದು ಕೆಟ್ಟದ್ದಾಯ್ತು" ಎಂದರು.

ಸೈಟು ಎಂದ ಕೂಡಲೆ ಮನೆ ಕಟ್ಟುವ ನಿವೇಶನವೆಂದು ತಿಳಿಯಬೇಡಿ! ಕೋವಿಯ ಮೇಲೆ ಕೂರಿಸಿ ಗುರಿ ಹಿಡಿಯುವ ಸಾಧನಕ್ಕೂ ಸೈಟು ಎಂದೇ ಹೆಸರು. ನಾನು ಕೃಷಿ ಡಿಪ್ಲೊಮಾ ಮಾಡಿದವನು, ಕೋವಿಯ ವ್ಯಾಪಾರಿ ಅಲ್ಲ. ಆದರೂ ಗೌಡರಿಗೆ ಹೇಳಿದ ಮಾತು ಹತ್ತು ಮನೆಗಳಿಗೆ ಉಪಯೋಗವಾದೀತೆಂದು ಇಲ್ಲಿ ಹೇಳುತ್ತೇನೆ. ಅವರ ಸೈಟು ಹೇಗೆ ಕೆಟ್ಟದ್ದಾಯಿತು ಎಂಬುದನ್ನು ಆಮೇಲೆ ನೋಡೋಣ.

ಇದು ಏನು, ಹೇಗೆ ಕೆಲಸ ಮಾಡುತ್ತದೆ?

ಹಳೆಯ ಪದ್ಧತಿಯಲ್ಲಿ ಗುರಿ ಹಿಡಿಯುವುದು ಹೇಗೆಂದು ನೆನಪು ಮಾಡಿಕೊಳ್ಳಿ. ಹಿಂದೆ ಒಂದು ಕಚ್ಚು, ನಳಿಗೆಯ ತುದಿಯಲ್ಲಿ ಒಂದು ಮೊನೆ, ಅದರಾಚೆ ಗುರಿ. ಮೂರೂ ಒಂದೇ ಗೆರೆಗೆ ಬರಬೇಕು. ಎಳೆಯ ಕಣ್ಣಿಗೆ ಇದು ಸುಲಭ. ನಲವತ್ತೈದು, ಐವತ್ತು ದಾಟಿದ ಕಣ್ಣಿಗೆ ಕಷ್ಟ. ಹತ್ತಿರದ ಕಚ್ಚನ್ನು ನೋಡಿದರೆ ದೂರದ ಗುರಿ ಮಸುಕು, ಗುರಿಯನ್ನು ನೋಡಿದರೆ ಕಚ್ಚೂ ಮೊನೆಯೂ ಮಸುಕು. ಪೇಪರು ಓದಲು ಕನ್ನಡಕ ಬೇಕಾದವರಿಗೆಲ್ಲ ಇದು ಅನುಭವದ ಮಾತು.

ಕೆಂಪು ಬೊಟ್ಟಿನ ಸೈಟಿನಲ್ಲಿ ಈ ತೊಂದರೆ ಇಲ್ಲ. ಒಳಗೆ ಸಾಸಿವೆಗಿಂತ ಸಣ್ಣದಾದ ಒಂದು ಎಲ್.ಇ.ಡಿ. ದೀಪ ಇರುತ್ತದೆ. ಅದರ ಬೆಳಕು ಮುಂದಿನ ಬಾಗಿದ ಗಾಜಿಗೆ ಬಡಿದು ಹಿಂದಕ್ಕೆ ನಮ್ಮ ಕಣ್ಣಿಗೆ ಬರುತ್ತದೆ. ಗಾಜಿನ ಬಾಗು ಹೇಗಿರುತ್ತದೆಂದರೆ, ಕಿರಣಗಳು ಒಂದಕ್ಕೊಂದು ಸಮಾನಾಂತರವಾಗಿ ಬರುತ್ತವೆ. ಆದಕಾರಣ ಬೊಟ್ಟು ಗಾಜಿನ ಮೇಲಲ್ಲ, ದೂರದ ಗುರಿಯ ಮೇಲೆಯೇ ಇಟ್ಟ ಹಾಗೆ ಕಾಣುತ್ತದೆ. ಕಣ್ಣು ಗುರಿಯನ್ನೊಂದೇ ನೋಡಿದರೆ ಸಾಕು. ಎರಡು ಕಣ್ಣೂ ತೆರೆದಿಟ್ಟುಕೊಂಡು ಗುರಿ ಹಿಡಿಯಬಹುದು.

ಒಂದು ತಪ್ಪು ತಿಳಿವಳಿಕೆ ಬೇಡ. ಇದು ಲೇಸರ್ ಅಲ್ಲ. ಲೇಸರ್ ತನ್ನ ಬೆಳಕನ್ನು ಗುರಿಯ ಮೇಲೆ ಎಸೆಯುತ್ತದೆ. ಇಲ್ಲಿ ಬೊಟ್ಟು ನೋಡುವವನ ಕಣ್ಣಿಗೆ ಮಾತ್ರ ಕಾಣುವಂಥದ್ದು. ಹಾಗೆಯೇ ಇದು ದುರ್ಬೀನೂ ಅಲ್ಲ. ದೂರದ್ದನ್ನು ಹತ್ತಿರಕ್ಕೆ ತಂದು ತೋರಿಸುವುದಿಲ್ಲ. ಬರಿಗಣ್ಣಿಗೆ ಎಷ್ಟು ಕಾಣುತ್ತದೆಯೋ ಅಷ್ಟೇ. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದರ ಮೂಲ ಕಲ್ಪನೆ ಹಳೆಯದು. ಐರ್ಲೆಂಡಿನ ಡಬ್ಲಿನ್ನಿನಲ್ಲಿ ದೂರದರ್ಶಕಗಳನ್ನು ತಯಾರಿಸುತ್ತಿದ್ದ ಹೋವರ್ಡ್ ಗ್ರಬ್ ಎಂಬಾತ 1900ರಲ್ಲಿಯೇ ಇಂಥ ಪ್ರತಿಫಲನದ ಸೈಟಿಗೆ ಹಕ್ಕುಪತ್ರ ಪಡೆದಿದ್ದ. ಬ್ಯಾಟರಿಯಿಂದ ಬೊಟ್ಟು ಬೆಳಗುವ ಈಗಿನ ಮಾದರಿಯನ್ನು ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ 1975ರಲ್ಲಿ ಮಾರಾಟಕ್ಕೆ ತಂದಿತು. ಆಗ ದುಬಾರಿ ವಸ್ತು. ಈಗ ಹತ್ತಾರು ಕಂಪನಿಗಳು ಮಾಡುತ್ತವೆ. ಒಂದರ ಬೆಲೆಗೂ ಇನ್ನೊಂದರ ಬೆಲೆಗೂ ಅಜಗಜಾಂತರ.

ಮೊದಲು ಕಾನೂನು, ಆಮೇಲೆ ಸೈಟು

ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಉಳಿದವರಿಗೆ 1959ರ ಆಯುಧ ಕಾಯಿದೆಯಂತೆ ಪರವಾನಗಿ ಬೇಕೇ ಬೇಕು. ಆದರೆ ವಿನಾಯಿತಿಯಾಗಲಿ ಪರವಾನಗಿಯಾಗಲಿ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ. ಪ್ರಾಣಿಗೆ ಈಡು ಹೊಡೆಯಲು ಅದು ಅಪ್ಪಣೆಯಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ತಿದ್ದುಪಡಿ ಆಗಿದೆ. ಆನೆ, ಕಾಟಿ, ನವಿಲು, ಮಂಗ ಇವು ಕಾಯಿದೆಯ ಗಟ್ಟಿ ರಕ್ಷಣೆಯಲ್ಲಿರುವ ಪ್ರಾಣಿಗಳು. ಹೊಲ ಹಾಳುಮಾಡುವ ಕಾಡುಹಂದಿಯೇ ಆದರೂ ಅರಣ್ಯ ಇಲಾಖೆಯ ಅಧಿಕಾರವುಳ್ಳವರು ಲಿಖಿತ ಅನುಮತಿ ಕೊಡದೆ ಹೊಡೆಯುವ ಹಾಗಿಲ್ಲ. ಬೆಳೆ ಹಾಳಾದರೆ ಫೋಟೋ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡುವ ದಾರಿ ಇದೆ. ಸೋಲಾರ್ ಬೇಲಿಯ ದಾರಿ ಇದೆ. ಈ ದಾರಿಗಳನ್ನು ಮೊದಲು ನೋಡಿ.

ಹಾಗಾದರೆ ಸೈಟು ಯಾತಕ್ಕೆ? ಕೈಲ್ ಮುಹೂರ್ತದ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡಿದ ಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇರುತ್ತದೆ. ಅದಕ್ಕೆ ಮನೆಯ ಹಿಂದೆ ಅಭ್ಯಾಸ ಮಾಡುವವರಿದ್ದಾರೆ, ರೈಫಲ್ ಕ್ಲಬ್ಬಿಗೆ ಹೋಗುವವರಿದ್ದಾರೆ, ಅನುಮತಿ ಪಡೆದು ಬೆಳೆ ಕಾಯುವವರೂ ಇದ್ದಾರೆ. ಇಂಥವರಿಗೆ ಉಪಯೋಗವಾದೀತು. ಪಂದ್ಯದಲ್ಲಿ ಇಂಥ ಸೈಟಿಗೆ ಅವಕಾಶ ಉಂಟೋ ಇಲ್ಲವೋ ಎಂಬುದನ್ನು ಪಂದ್ಯ ನಡೆಸುವವರಲ್ಲಿ ಮೊದಲೇ ಕೇಳಿ. ಕೋವಿಗೆ ಹೊಸದಾಗಿ ಏನನ್ನು ಜೋಡಿಸುವುದಿದ್ದರೂ ಪರವಾನಗಿ ಕಚೇರಿಯಲ್ಲಿ ಒಂದು ಮಾತು ವಿಚಾರಿಸಿಕೊಳ್ಳಿ. ಒಂದು ದಿನ ತಡವಾದರೆ ನಷ್ಟವಿಲ್ಲ.

ಯಾವ ಕೋವಿಗೆ ಹೊಂದುತ್ತದೆ?

ಕೇಪಿನ ಕೋವಿಗೆ ಇದು ಬೇಡ. ಅದರ ಮೇಲೆ ಸೈಟು ಕೂರಿಸಲು ಎಡೆಯಿಲ್ಲ, ಮದ್ದಿನ ಹೊಗೆ ಗಾಜಿಗೆ ಹಿಡಿಯುತ್ತದೆ, ಅದರ ಗುರಿಯೂ ಹತ್ತಿರದ್ದು. ನಳಿಗೆಗೆ ತೂತು ಕೊರೆದು ಕೂರಿಸುತ್ತೇನೆಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಕೊರೆದ ನಳಿಗೆ ಸಿಡಿದರೆ ಹೋಗುವುದು ಹೊಡೆಯುವವನ ಕೈ, ಕಣ್ಣು.

ಪಾಯಿಂಟ್ ಟೂ ಟೂ ರೈಫಲಿಗೆ ಚೆನ್ನಾಗಿ ಹೊಂದುತ್ತದೆ. ಹನ್ನೆರಡು ಬೋರಿನ ತೋಟಾ ಕೋವಿಗೂ ಕೂರಿಸಬಹುದು. ಆದರೆ ಅದರ ಒದೆತ ಜೋರು, ಅಗ್ಗದ ಸೈಟು ಅದನ್ನು ತಾಳುವುದಿಲ್ಲ. ಸ್ಪ್ರಿಂಗ್ ಏರ್‌ಗನ್ ಸಣ್ಣದೆಂದು ಉಪೇಕ್ಷೆ ಬೇಡ. ಅದರ ಸ್ಪ್ರಿಂಗು ಹಿಂದಕ್ಕೂ ಮುಂದಕ್ಕೂ ಎರಡು ಬಾರಿ ಜಗ್ಗುತ್ತದೆ. ಎಷ್ಟೋ ಸೈಟುಗಳು ಅಲ್ಲಿಯೇ ಹಾಳಾಗುತ್ತವೆ. ಯಾವ ಕೋವಿಗೆ ಎಂದು ಹೇಳಿ, ಅದರ ಒದೆತಕ್ಕೆ ತಾಳುತ್ತದೆಂದು ಕಾಗದದಲ್ಲಿ ಬರೆದಿರುವುದನ್ನೇ ಕೊಳ್ಳಿ.

ಕೋವಿಯ ಮೇಲೆ ಸೈಟು ಕೂರುವ ಜಾಗವನ್ನೂ ನೋಡಬೇಕು. ಪಾಯಿಂಟ್ ಟೂ ಟೂ ರೈಫಲುಗಳಲ್ಲೂ ಏರ್‌ಗನ್‌ಗಳಲ್ಲೂ ಸಾಮಾನ್ಯವಾಗಿ ಸುಮಾರು 11 ಮಿಲಿಮೀಟರ್ ಅಗಲದ, ಓರೆ ಅಂಚಿನ ಕಿರಿದಾದ ತೋಡು ಇರುತ್ತದೆ. ಇನ್ನು ಕೆಲವಕ್ಕೆ ಅಡ್ಡ ಕಚ್ಚುಗಳಿರುವ ಅಗಲವಾದ ಪಟ್ಟಿ ಇರುತ್ತದೆ. ಅದಕ್ಕೆ ಪಿಕಾಟಿನಿ ಅಥವಾ ವೀವರ್ ಪಟ್ಟಿ ಎನ್ನುತ್ತಾರೆ. ಒಂದರ ಹಿಡಿಕೆ ಇನ್ನೊಂದಕ್ಕೆ ಕೂರುವುದಿಲ್ಲ. ಅಳತೆ ಬರೆದುಕೊಂಡು ಹೋಗಿ. ಎರಡೂ ಇಲ್ಲದ ಕೋವಿಯಾದರೆ ಪರವಾನಗಿ ಇರುವ ಕೋವಿ ರಿಪೇರಿಯವರನ್ನೇ ಕೇಳಿ. ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ.

ಆರಿಸುವಾಗ ನೋಡತಕ್ಕ ಗುಣಗಳು

ಮೊದಲನೆಯದು, ಆಕಾರ. ಇದರಲ್ಲಿ ಎರಡು ಜಾತಿ. ಒಂದು ತೆರೆದದ್ದು: ಒಂದೇ ಗಾಜು, ಹಿಂದೆ ದೀಪ, ನಡುವೆ ಬಯಲು. ಇನ್ನೊಂದು ಮುಚ್ಚಿದ ಕೊಳವೆ: ಎರಡು ಕೊನೆಗೂ ಗಾಜು. ತೆರೆದದ್ದು ಹಗುರ, ಬೆಲೆಯೂ ಕಡಿಮೆ ಇರಬಹುದು. ಆದರೆ ನಮ್ಮ ಮಳೆ, ಮಂಜಿನ ಸೀಮೆಯಲ್ಲಿ ದೀಪದ ಮುಂದೆ ಒಂದು ಹನಿ ನಿಂತರೆ ಬೊಟ್ಟು ಒಡೆದುಹೋಗುತ್ತದೆ, ಇಲ್ಲವೆ ಮಾಯವಾಗುತ್ತದೆ. ಕಸ, ಕಡ್ಡಿ ಸೇರಿದರೂ ಅದೇ ಪಾಡು. ಆದ್ದರಿಂದ ಕೊಡಗು, ಮಲೆನಾಡಿಗೆ ಮುಚ್ಚಿದ ಕೊಳವೆಯದೇ ಲೇಸು. ನೀರು ನುಗ್ಗದ ಹಾಗೆ ಮಾಡಿದ್ದಕ್ಕೆ ಐ.ಪಿ.ಎಕ್ಸ್. 7 ಎಂಬ ಗುರುತು ಇರುತ್ತದೆ. ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ತಡೆಯುತ್ತದೆಂದು ಅದರ ಅರ್ಥ.

ಎರಡನೆಯದು, ಬೊಟ್ಟಿನ ಗಾತ್ರ. ಇದನ್ನು ಎಂ.ಓ.ಎ. ಎಂಬ ಅಳತೆಯಲ್ಲಿ ಹೇಳುತ್ತಾರೆ. ಹೆಸರಿಗೆ ಹೆದರಬೇಡಿ. ಒಂದು ಎಂ.ಓ.ಎ. ಎಂದರೆ 100 ಮೀಟರ್ ದೂರದಲ್ಲಿ ಹತ್ತಿರ ಹತ್ತಿರ 3 ಸೆಂಟಿಮೀಟರ್, 50 ಮೀಟರಿನಲ್ಲಿ ಒಂದೂವರೆ ಸೆಂಟಿಮೀಟರ್. ಹೀಗೆ ಲೆಕ್ಕ ಹಾಕಿದರೆ 50 ಮೀಟರ್ ದೂರದಲ್ಲಿ 2 ಎಂ.ಓ.ಎ. ಬೊಟ್ಟು ಸುಲಿದ ಅಡಿಕೆಯಷ್ಟು ಜಾಗವನ್ನು ಮುಚ್ಚುತ್ತದೆ, 3 ಎಂ.ಓ.ಎ. ಬೊಟ್ಟು ನಿಂಬೆಹಣ್ಣಿನಷ್ಟು. 6 ಎಂ.ಓ.ಎ. ಬೊಟ್ಟು ಸುಮಾರು 9 ಸೆಂಟಿಮೀಟರ್. ಸುಲಿದ ತೆಂಗಿನಕಾಯಿಯನ್ನು ಬಹುಪಾಲು ಮುಚ್ಚಿಯೇ ಬಿಡುತ್ತದೆ! ದೊಡ್ಡ ಬೊಟ್ಟು ಬೇಗ ಕಾಣುತ್ತದೆ ನಿಜ, ಆದರೆ ಗುರಿಯನ್ನು ನುಂಗುತ್ತದೆ. ರೈಫಲಿಗೆ 2 ಅಥವಾ 3 ಸಾಕು.

ಮೂರನೆಯದು, ಬೆಳಕಿನ ಹೆಚ್ಚು ಕಡಿಮೆ. ಅಂಗಡಿಯವರು ಬೊಟ್ಟನ್ನು ಜೋರಾಗಿ ಉರಿಸಿ ತೋರಿಸುತ್ತಾರೆ. ನೀವು ಕೇಳಬೇಕಾದದ್ದು ಅದರ ತದ್ವಿರುದ್ಧ: ಎಷ್ಟು ಕಡಿಮೆ ಮಾಡಬಹುದು? ಮಸಕು ಹೊತ್ತಿನಲ್ಲಿ ಜೋರಾದ ಬೊಟ್ಟು ಕಣ್ಣು ಕುಕ್ಕಿ, ಅದರ ಹಿಂದಿನದೆಲ್ಲ ಕತ್ತಲಾಗುತ್ತದೆ. ಬಿಸಿಲಿಗೆ ಹೆಚ್ಚು, ಸಂಜೆಗೆ ಕಡಿಮೆ ಎಂದು ಹಲವು ಮೆಟ್ಟಿಲುಗಳಿರಬೇಕು.

ನಾಲ್ಕನೆಯದು, ಬ್ಯಾಟರಿ. ಸಿ.ಆರ್. 2032 ಎಂಬ ನಾಣ್ಯದಂಥ ಬ್ಯಾಟರಿ ಅನೇಕ ಸೈಟುಗಳಿಗೆ ಬರುತ್ತದೆ. ಕಾರಿನ ಕೀಲಿಕೈ ರಿಮೋಟಿಗೂ ಇದನ್ನು ಹಾಕುವುದರಿಂದ ಪೇಟೆಯಲ್ಲಿ ಸುಲಭವಾಗಿ ಸಿಗುತ್ತದೆ. ಹೆಸರೇ ಕೇಳದ ಬ್ಯಾಟರಿಯ ಸೈಟು ಬೇಡ. ಒಂದು ಬ್ಯಾಟರಿಗೆ ಎಷ್ಟು ಗಂಟೆ ಎಂದು ಕೇಳಿ. ಕೆಲವು ಕೆಲವೇ ನೂರು ಗಂಟೆ ಉರಿದರೆ, ಒಳ್ಳೆಯವು ಹತ್ತಾರು ಸಾವಿರ ಗಂಟೆ ಉರಿಯುತ್ತವೆ. ಮರೆತರೆ ತಾನೇ ಆರುವ ವ್ಯವಸ್ಥೆ ಇದ್ದರೆ ಇನ್ನೂ ಒಳ್ಳೆಯದು.

ಐದನೆಯದೇ ಎಲ್ಲಕ್ಕಿಂತ ಮುಖ್ಯ: ಸ್ಥಿರತೆ. ಕೋವಿಯ ಗುಂಡಿಗೂ ಬೊಟ್ಟಿಗೂ ಒಂದು ಸಾರಿ ಹೊಂದಿಸಿದ ಮೇಲೆ ಅದು ಅಲ್ಲಿಯೇ ನಿಲ್ಲಬೇಕು. ಅಗ್ಗದ ಸೈಟಿನ ದೊಡ್ಡ ದೋಷ ಇದೇ. ಬೊಟ್ಟು ಚೆನ್ನಾಗಿಯೇ ಹೊಳೆಯುತ್ತಿರುತ್ತದೆ, ಆದರೆ ನಾಲ್ಕು ಈಡು ಆಗುವಷ್ಟರಲ್ಲಿ ಅದು ತೋರಿಸುವ ಕಡೆ ಒಂದು, ಗುಂಡು ಹೋಗುವ ಕಡೆ ಇನ್ನೊಂದು. ಆರಿಹೋದ ಸೈಟು ಆರಿದ್ದೇನೆಂದು ತಾನೇ ಹೇಳುತ್ತದೆ. ಸರಿದ ಸೈಟು ಏನನ್ನೂ ಹೇಳುವುದಿಲ್ಲ. ಹೊಳೆಯುವುದಕ್ಕಿಂತ ನಿಲ್ಲುವುದಕ್ಕೆ ದುಡ್ಡು ಕೊಡಿ.

ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು

ಬೀಜದ ಕಾಳನ್ನು ಕಚ್ಚಿ ನೋಡದೆ ಕೊಳ್ಳುವವರಲ್ಲ ನಾವು. ಇದನ್ನೂ ಹಾಗೆಯೇ ನೋಡಿ.

ಒಂದು: ಅಂಗಡಿಯ ಕತ್ತಲ ಮೂಲೆಯತ್ತ ಹಿಡಿದು ಬೆಳಕನ್ನು ತೀರ ಕಡಿಮೆ ಮಾಡಿ. ಬೊಟ್ಟು ಸಣ್ಣಗೆ, ದುಂಡಗೆ ಕಾಣಬೇಕು. ನಕ್ಷತ್ರದ ಹಾಗೆ ಚೆದರಿ ಕಂಡರೆ ಕೂಡಲೆ ಸೈಟನ್ನು ದೂರಬೇಡಿ. ಫೋನಿನ ಕ್ಯಾಮೆರಾದಿಂದ ಅದರೊಳಗೆ ನೋಡಿ. ಫೋನಿನಲ್ಲಿ ದುಂಡಗೆ ಕಂಡು ನಿಮಗೆ ಮಾತ್ರ ಚೆದರಿ ಕಂಡರೆ ದೋಷ ಕಣ್ಣಿನದು. ಕಣ್ಣಿನ ಗುಡ್ಡೆಯ ಬಾಗು ಎಲ್ಲ ಕಡೆ ಸಮನಾಗಿರದಿದ್ದರೆ ಹೀಗಾಗುತ್ತದೆ. ಕಣ್ಣಿನ ಡಾಕ್ಟರಿಗೆ ತೋರಿಸಿ, ಕನ್ನಡಕ ಹಾಕಿಕೊಂಡು ಮತ್ತೆ ನೋಡಿ. ಸೈಟಿನ ದುಡ್ಡು ಕೆಲವೊಮ್ಮೆ ಕನ್ನಡಕಕ್ಕೆ ಹಾಕಿದರೇ ಹೆಚ್ಚು ಲಾಭ.

ಎರಡು: ಬಿಳಿ ಗೋಡೆಯನ್ನು ಅದರ ಮೂಲಕ ನೋಡಿ. ಗಾಜಿಗೆ ಲೇಪ ಇರುವುದರಿಂದ ಸ್ವಲ್ಪ ನೀಲಿ ಛಾಯೆ ಸಹಜ. ಗೋಡೆ ತೀರ ನೀಲಿಯಾಗಿ, ಮಬ್ಬಾಗಿ ಕಂಡರೆ ಸಂಜೆಯ ಹೊತ್ತಿಗೆ ಆ ಗಾಜು ಪ್ರಯೋಜನಕ್ಕೆ ಬಾರದು.

ಮೂರು: ಸೈಟನ್ನು ಮೇಜಿನ ಮೇಲೆ ಅಲುಗದ ಹಾಗೆ ಇಟ್ಟು, ಎದುರಿನ ದೂರದ ಗೋಡೆಯ ಒಂದು ಮೊಳೆಯ ಮೇಲೆ ಬೊಟ್ಟು ಬರುವಂತೆ ಮಾಡಿ. ಸೈಟನ್ನು ಮುಟ್ಟದೆ ತಲೆಯನ್ನು ಮಾತ್ರ ಅತ್ತ ಇತ್ತ, ಮೇಲೆ ಕೆಳಗೆ ಮಾಡಿ ನೋಡಿ. ಬೊಟ್ಟು ಮೊಳೆಯನ್ನು ಬಿಟ್ಟು ಹೆಚ್ಚು ದೂರ ಓಡಬಾರದು. ಯಾವ ಸೈಟಿನಲ್ಲೂ ಒಂದಿಷ್ಟು ಓಟ ಇರುತ್ತದೆ, ಹತ್ತಿರದ ಗೋಡೆಗೆ ಇನ್ನೂ ಹೆಚ್ಚು. ಅದಕ್ಕಾಗಿ ನಾಲ್ಕಾರು ಸೈಟುಗಳನ್ನು ಒಂದೇ ಮೊಳೆಗೆ ಇಟ್ಟು ಹೋಲಿಸಿ ನೋಡಿ.

ನಾಲ್ಕು: ಮೇಲೆ ಕೆಳಗೆ, ಎಡ ಬಲ ಮಾಡುವ ತಿರುಪುಗಳನ್ನು ತಿರುಗಿಸಿ. ಪ್ರತಿಯೊಂದು ಹೆಜ್ಜೆಗೂ ಟಿಕ್ ಎಂದು ಕೈಗೆ ತಿಳಿಯಬೇಕು. ಬೆಣ್ಣೆಯಲ್ಲಿ ಕಡ್ಡಿ ಆಡಿಸಿದ ಹಾಗೆ ಸಡಿಲವಾಗಿದ್ದರೆ ಬೇಡ.

ಐದು: ಉರಿಯುತ್ತಿರುವಾಗ ಅಂಗೈಗೆ ನಾಲ್ಕು ಸಾರಿ ಮೆಲ್ಲಗೆ ತಟ್ಟಿ. ಬೊಟ್ಟು ಮಿಟುಕಿದರೆ ಬ್ಯಾಟರಿಯ ಹಿಡಿತ ಸರಿಯಿಲ್ಲ.

ದೊಡ್ಡ ಕಂಪನಿಗಳ ಹೆಸರು ಹಾಕಿದ ನಕಲಿ ಸೈಟುಗಳು ಬಹಳ ಇವೆ. ನಾಲ್ಕರಲ್ಲೊಂದು ಬೆಲೆಗೆ ದೊಡ್ಡ ಹೆಸರು ಸಿಕ್ಕಿದರೆ ಅದು ನಕಲಿ ಎಂದೇ ತಿಳಿಯಿರಿ. ಅದಕ್ಕಿಂತ ತನ್ನದೇ ಹೆಸರಿನಲ್ಲಿ, ಬಿಲ್ಲು ಮತ್ತು ವಾರಂಟಿ ಕೊಟ್ಟು ಮಾರುವ ಸಾಧಾರಣ ಕಂಪನಿಯದೇ ವಾಸಿ. ಬಿಲ್ಲನ್ನು ಕೋವಿಯ ಕಾಗದಗಳ ಜೊತೆಯಲ್ಲಿಡಿ.

ದುಡ್ಡಿನ ಲೆಕ್ಕ

ಸೈಟಿನ ಬೆಲೆ ಮಾತ್ರ ನೋಡಿ ಹೊರಡಬೇಡಿ. ಹಿಡಿಕೆ, ಒಂದು ಹೆಚ್ಚಿನ ಬ್ಯಾಟರಿ, ತಿರುಪು ಬಿಗಿಯಲು ಒಂದು ಕೀಲಿ, ಹೊಂದಿಸಲು ಇಪ್ಪತ್ತು ಮೂವತ್ತು ತೋಟಾ, ಇವೆಲ್ಲವೂ ಖರ್ಚೇ. ನಿಮ್ಮಲ್ಲಿರುವ ಹಣದಲ್ಲಿ ಇವುಗಳಿಗೆ ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಸೈಟು ನೋಡಿ. ಹತ್ತು ಬಣ್ಣದ ಬೊಟ್ಟು, ನಾಲ್ಕು ಬಗೆಯ ಗುರುತು, ಪಕ್ಕದಲ್ಲಿ ಲೇಸರ್ ಎಂದೆಲ್ಲ ಸೇರಿಸಿದ ಅಗ್ಗದ ಸೈಟಿನಲ್ಲಿ ಪ್ರತಿಯೊಂದೂ ಅರ್ಧಂಬರ್ಧ. ಒಂದೇ ಬೊಟ್ಟು, ಗಟ್ಟಿ ಮೈ, ಬಿಗಿಯಾದ ತಿರುಪು: ಬಡವನ ದುಡ್ಡಿಗೆ ಬೆಲೆ ಬರುವುದು ಇಲ್ಲಿಯೇ.

ಹೊಂದಿಸುವ ಬಗೆ

ಸೈಟು ಕೂರಿಸಿದ ಮಾತ್ರಕ್ಕೆ ಗುರಿ ಬರುವುದಿಲ್ಲ, ಹೊಂದಿಸಬೇಕು. ರೈಫಲ್ ಕ್ಲಬ್ಬಿನ ರೇಂಜಿನಲ್ಲಿ ಮಾಡುವುದೇ ಉತ್ತಮ. ಬೇರೆ ಕಡೆ ಮಾಡುವುದಕ್ಕೆ ಅಪ್ಪಣೆಯಿದ್ದರೂ ಎದುರಿಗೆ ಎತ್ತರವಾದ ಮಣ್ಣಿನ ದರೆ ಇರಬೇಕು, ಹಿಂದೆ ದಾರಿ, ಮನೆ, ಲೈನು ಏನೂ ಇರಬಾರದು. ಪಾಯಿಂಟ್ ಟೂ ಟೂ ಗುಂಡು ಸಣ್ಣದೆಂದು ತಿಳಿಯಬೇಡಿ. ಅಡ್ಡವಿಲ್ಲದಿದ್ದರೆ ಒಂದೂವರೆ ಕಿಲೋಮೀಟರಿಗೂ ಮೀರಿ ಹೋಗುತ್ತದೆ. ಕಲ್ಲಿಗೆ, ನೀರಿಗೆ ತಾಗಿದರೆ ಎತ್ತಲೋ ಚಿಮ್ಮುತ್ತದೆ.

ಕೋವಿಯನ್ನು ಮರಳಿನ ಚೀಲದ ಮೇಲೆ ಇಡಿ. ಮೊದಲು 25 ಮೀಟರಿನಲ್ಲಿ ಕಾಗದಕ್ಕೆ ಮೂರು ಗುಂಡು ಹೊಡೆಯಿರಿ. ಒಂದೊಂದು ಗುಂಡಿಗೂ ತಿರುಪು ತಿರುಗಿಸುವುದು ಬೇಡ. ಮೂರರ ನಡುಮಧ್ಯ ಎಲ್ಲಿದೆ ಎಂದು ಅಳೆದು, ಆಮೇಲೆ ತಿರುಗಿಸಿ. ಹತ್ತಿರದಲ್ಲಿ ಸರಿಬಂದ ಮೇಲೆ 50 ಮೀಟರಿಗೆ ಹೋಗಿ. ಅಲ್ಲಿ ಒಂದು ಎಂ.ಓ.ಎ. ಹೆಜ್ಜೆಯ ತಿರುಪು ಗುಂಡನ್ನು ಒಂದೂವರೆ ಸೆಂಟಿಮೀಟರ್ ಸರಿಸುತ್ತದೆ. ಗುಂಡುಗಳು 6 ಸೆಂಟಿಮೀಟರ್ ಕೆಳಗೆ ಬಿದ್ದಿದ್ದರೆ ಮೇಲಿನ ಬಾಣದ ಕಡೆಗೆ ನಾಲ್ಕು ಹೆಜ್ಜೆ. ಅರ್ಧ ಎಂ.ಓ.ಎ. ತಿರುಪಾದರೆ ಎಂಟು. ಇಷ್ಟೇ ಲೆಕ್ಕ.

ಆಮೇಲೆ ಒಂದು ಪರೀಕ್ಷೆ: ಮೇಲಕ್ಕೆ ಹತ್ತು ಹೆಜ್ಜೆ, ಬಲಕ್ಕೆ ಹತ್ತು, ಕೆಳಕ್ಕೆ ಹತ್ತು, ಎಡಕ್ಕೆ ಹತ್ತು ತಿರುಗಿಸಿ ಮತ್ತೆ ಮೂರು ಗುಂಡು ಹೊಡೆಯಿರಿ. ಮೊದಲಿನ ಜಾಗಕ್ಕೇ ಬಂದರೆ ಸೈಟು ನಂಬಿಕಸ್ಥ. ಬಾರದಿದ್ದರೆ ವಾರಂಟಿಯ ಕಾಗದ ಹಿಡಿದು ಅಂಗಡಿಗೆ ನಡೆಯಿರಿ.

ಎಲ್ಲ ಸರಿಯಾದ ಮೇಲೆ ಹಿಡಿಕೆಯ ತಿರುಪಿನ ತಲೆಯಿಂದ ಮೈಯವರೆಗೆ ಬಣ್ಣದ ಒಂದು ಸಣ್ಣ ಗೆರೆ ಎಳೆಯಿರಿ. ಉಗುರುಬಣ್ಣವಾದರೂ ಸರಿ, ಮಗಳಲ್ಲಿ ಕೇಳಿದರೆ ಕೊಟ್ಟಾಳು. ತಿರುಪು ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಕಚ್ಚು, ಮೊನೆಗಳನ್ನು ಮಾತ್ರ ಕಿತ್ತೆಸೆಯಬೇಡಿ. ಬ್ಯಾಟರಿ ಕೈಕೊಟ್ಟ ದಿನ ಅವೇ ಗತಿ.

ಚುನಾವಣೆ ಬಂತೆಂದರೆ ಕೋವಿಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸುವುದು ನಿಮಗೆಲ್ಲ ಗೊತ್ತು. ಒಪ್ಪಿಸುವ ಮೊದಲು ಬ್ಯಾಟರಿ ತೆಗೆದಿಡಿ. ಮರಳಿ ತಂದ ಮೇಲೆ ಗೆರೆ ನೋಡಿ, ಕಾಗದಕ್ಕೆ ಹೊಡೆದು ನೋಡದೆ ಆ ಸೈಟನ್ನು ನಂಬಬೇಡಿ. ಕೋವಿ ಎಲ್ಲಾದರೂ ಬಿದ್ದಾಗಲೂ ಇದೇ ಮಾತು.

ಗೌಡರ ಸೈಟಿನ ಕಥೆ

ಇಷ್ಟೆಲ್ಲ ಹೇಳಿದ ಮೇಲೆ ನಾನು ಗೌಡರನ್ನು ಕೇಳಿದೆ, "ನಿಮ್ಮ ಸೈಟಿಗೆ ಏನಾಗಿತ್ತು? ಬೊಟ್ಟು ಸರಿಯಿತೇ?" ಎಂದು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು.

ಆಟಿಯ ಒಂದು ಸಂಜೆ. ಹಂದಿ ಹಿಂದಿನ ದಿನವೇ ಗದ್ದೆಯ ಬದುವನ್ನು ಉತ್ತು ಹೋಗಿತ್ತು. ಜಿಟಿಜಿಟಿ ಮಳೆ, ಮಂಜು. ಗೌಡರು ಕೋವಿ ಹಿಡಿದು ಗದ್ದೆಯ ಮೇಲಿನ ತೋಟದಂಚಿನಲ್ಲಿ ಕೂತಿದ್ದರು. ಕೆಳಗೆ ಬದುವಿನ ಮೇಲೆ ಕಪ್ಪಗೆ, ಕುಳ್ಳಗೆ ಏನೋ ಮೆಲ್ಲಗೆ ಅಲುಗಿತು. ಕೋವಿ ಎತ್ತಿದರು. ಬೊಟ್ಟು ನೇರವಾಗಿ ಅದರ ಮೇಲೆಯೇ ಹೋಗಿ ಕೂತಿತು. "ಅಷ್ಟು ಚಂದ ಕೂತಿತ್ತು ಸಾರ್, ನನ್ನ ಆಯುಸ್ಸಿನಲ್ಲಿ ಅಂಥ ಗುರಿ ಸಿಕ್ಕಿರಲಿಲ್ಲ" ಎಂದರು. ಬೆರಳು ಟ್ರಿಗರ್ ಮೇಲೆ ಹೋಯಿತು. ಅಷ್ಟರಲ್ಲಿ ಆ ಕಪ್ಪು ಎದ್ದು ನಿಂತು ಸೊಂಟಕ್ಕೆ ಕೈ ಕೊಟ್ಟುಕೊಂಡಿತು. ಕಂಬಳಿ ಕೊಪ್ಪೆ ಹಾಕಿಕೊಂಡು, ಬಗ್ಗಿ, ಒಡೆದ ಬದುವಿಗೆ ಮಣ್ಣು ಮೆತ್ತುತ್ತಿದ್ದ ಅವರ ಸ್ವಂತ ತಮ್ಮ.

"ಅನುಮತಿ ಇತ್ತೇ ಗೌಡ್ರೆ?" ಎಂದು ಕೇಳಿದೆ. ತಲೆ ತಗ್ಗಿಸಿದರು.

"ಗೌಡ್ರೆ, ನಿಮ್ಮ ಸೈಟು ಕೆಟ್ಟದ್ದಲ್ಲ. ಅದರ ಕೆಲಸ ಅದು ಮಾಡಿದೆ. ಗುಂಡು ಎಲ್ಲಿಗೆ ಹೋಗುತ್ತದೆ ಅಂತ ತೋರಿಸಿದೆ. ಅಲ್ಲಿ ಇರುವುದು ಯಾರು ಅಂತ ಅದು ಹೇಳುವುದಿಲ್ಲ, ಎಷ್ಟು ದುಡ್ಡು ಕೊಟ್ಟರೂ ಹೇಳುವುದಿಲ್ಲ" ಎಂದೆ.

ಬಾಂಧವರೇ, ಹಂದಿಯೆಂದು ಮನುಷ್ಯರಿಗೆ ಈಡು ಬಿದ್ದ ಸುದ್ದಿಯನ್ನು ನೀವೂ ಕೇಳಿದ್ದೀರಿ. ಅಲ್ಲೆಲ್ಲ ಗುರಿ ತಪ್ಪಿರಲಿಲ್ಲ. ಗುರಿ ಸರಿಯಾಗಿತ್ತು, ನೋಡಿದ್ದು ತಪ್ಪಾಗಿತ್ತು. ಕೆಂಪು ಬೊಟ್ಟು ಒಂದು ವಸ್ತುವಿನ ಮೇಲೆ ಕೂತ ಕೂಡಲೆ ನಮ್ಮ ಮನಸ್ಸಿಗೆ ಒಂದು ಬಗೆಯ ಧೈರ್ಯ ಬಂದುಬಿಡುತ್ತದೆ. ಆ ಧೈರ್ಯವನ್ನು ನಂಬಬಾರದು. ಈ ಸೈಟು ದೂರದ್ದನ್ನು ಹತ್ತಿರ ತೋರಿಸುವುದಿಲ್ಲ, ಕತ್ತಲನ್ನು ಬೆಳಗಿಸುವುದಿಲ್ಲ ಎಂದು ಮೊದಲೇ ಹೇಳಿದೆನಲ್ಲ, ಅದನ್ನು ಈಗ ನೆನೆಯಿರಿ.

ಆದುದರಿಂದ ಸೈಟಿಗೆಂದು ಇಟ್ಟ ಹಣದಲ್ಲಿ ಒಂದು ಭಾಗವನ್ನು ಒಳ್ಳೆಯ ಟಾರ್ಚಿಗೂ ಸಾಧಾರಣವಾದ ಒಂದು ದುರ್ಬೀನಿಗೂ ಇಡಿ. ಯಾರು, ಏನು ಎಂದು ನೋಡುವುದು ಅವುಗಳಿಂದ, ಎಂದಿಗೂ ಕೋವಿಯಿಂದಲ್ಲ. ಗುರುತು ಹಿಡಿಯಲೆಂದು ಕೋವಿ ಎತ್ತಿದರೆ, ಗುರುತು ಸಿಗುವ ಮೊದಲೇ ಅದರ ಬಾಯಿ ಯಾರದೋ ಎದೆಗೆ ತಿರುಗಿರುತ್ತದೆ. ಮೊದಲು ಗುರುತು, ಆಮೇಲೆ ಗುರಿ. ಗುರಿಯ ಹಿಂದೆ ಏನಿದೆ ಎಂದು ನೋಡಿಕೊಂಡ ಮೇಲಷ್ಟೇ ಬೆರಳು. ಸಂಶಯವಿದ್ದರೆ ಕೋವಿ ಕೆಳಗೆ.

ಮನೆಯ ತಾಯಂದಿರಿಗೂ ಒಂದು ಮಾತು. ಸಂಜೆ ಗದ್ದೆಗೆ, ತೋಟಕ್ಕೆ ಯಾರು ಹೋಗಿದ್ದಾರೆ, ಯಾರು ಬಂದಿಲ್ಲ ಎಂಬ ಲೆಕ್ಕ ಮನೆಯಲ್ಲಿ ನಿಮಗೇ ಚೆನ್ನಾಗಿ ಗೊತ್ತು. ಕೋವಿ ಹೊರಗೆ ಹೋಗುವ ಮೊದಲು ಆ ಲೆಕ್ಕ ಒಪ್ಪಿಸಿಕೊಳ್ಳಿ. ಕೊಪ್ಪೆಯ ಬೆನ್ನಿಗೆ ಬಿಳಿ ಇಲ್ಲವೆ ಹಳದಿ ಬಟ್ಟೆಯ ಒಂದು ಅಗಲ ಪಟ್ಟಿ ಹೊಲಿಯಿರಿ. ಕೂಲಿಗೆ ಬರುವವರಿಗೂ ಹೊಲಿದು ಕೊಡಿ. ಹಳೆಯ ಪಂಚೆಯ ಒಂದು ಚೂರು ಸಾಕು. ಕೋವಿ ಒಂದು ಕಡೆ, ತೋಟಾ ಒಂದು ಕಡೆ, ಎರಡಕ್ಕೂ ಬೀಗ, ಕೀಲಿಕೈ ಮಕ್ಕಳಿಗೆ ಸಿಗದ ಕಡೆ. ಹೊಳೆಯುವ ಬೊಟ್ಟು ಮಕ್ಕಳಿಗೆ ಆಟದ ಸಾಮಾನಿನಂತೆ ಕಾಣುತ್ತದೆ. ನಾಣ್ಯದಂಥ ಆ ಬ್ಯಾಟರಿಯನ್ನು ಮಗು ನುಂಗಿದರೆ ಅನ್ನನಾಳವನ್ನು ಗಂಟೆಗಳಲ್ಲಿ ಸುಟ್ಟುಬಿಡುತ್ತದೆ. ನುಂಗಿದ ಸಂಶಯ ಬಂದರೂ ಕಾಯದೆ ಕೂಡಲೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಗೌಡರು ಹೋಗುವಾಗ ಬಾಗಿಲಲ್ಲಿ ನಿಂತು, "ಹಾಗಾದ್ರೆ ಹೊಸ ಸೈಟು ಬೇಡ ಅಂತೀರಾ?" ಎಂದರು. "ಇರುವುದನ್ನೇ ಒಮ್ಮೆ ಕಾಗದಕ್ಕೆ ಹೊಡೆದು ನೋಡಿ. ನಿಂತರೆ ಅದೇ ಸಾಕು. ಹೊಸ ಸೈಟಿನ ದುಡ್ಡಲ್ಲಿ ಟಾರ್ಚು ತನ್ನಿ, ಅರಣ್ಯ ಇಲಾಖೆಗೆ ಒಂದು ಅರ್ಜಿ ಬರೆಯಿರಿ" ಎಂದೆ. ಅರ್ಜಿಯನ್ನು ನನ್ನ ಮೇಜಿನ ಮೇಲೆಯೇ ಕುಳಿತು ಬರೆದು ಹೋದರು.

ನಿಮ್ಮ ಮನೆಯ ಕೋವಿಯ ವಿಚಾರವನ್ನೂ ಒಮ್ಮೆ ಹೀಗೆ ಯೋಚಿಸಿ ನೋಡಿ. ಇಷ್ಟು ಹೇಳಿ ಇಂದಿನ ಮಾತು ಮುಗಿಸುತ್ತೇನೆ.